ಮಂಗಳವ್ವನ ಹನ್ನೊಂದು

ಸಿಸ್ಟರ್ ಮಂಗಳವ್ವನನ್ನು ಹೊಗಳುವುದು ಸುಲಭ, ಸಹಿಸುವುದು ಕಷ್ಟ. ಎರಡನ್ನೂ ಬಹಳ ವರ್ಷ ಮಾಡಿದವನು ನಾನು, ಆದ್ದರಿಂದ ಆಕೆಯ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನನ್ನ ಹೆಸರು ರುದ್ರಮುನಿ. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುತ್ತೇನೆ. ಮಂದಿ ಈಗಲೂ ಕಂಪೌಂಡರ್ ಎಂದೇ ಕರೆಯುತ್ತಾರೆ; ನಾನು ಫಾರ್ಮಸಿಸ್ಟ್ ಎಂದು ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗಿದ್ದೇನೆ. ನನ್ನ ಕಿಟಕಿಗೆ ನೇರ ಎದುರಿಗೆ ಲ್ಯಾಬಿನ ಬಾಗಿಲು. ಅಲ್ಲಿ ನಡೆದದ್ದೆಲ್ಲ ನನಗೆ ಕಾಣುತ್ತದೆ. ಕಾಣದೇ ಹೋದದ್ದನ್ನು ಕೇಳಿ ತಿಳಿದುಕೊಳ್ಳದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಈಗ ನಮ್ಮ ಕೇಂದ್ರಕ್ಕೆ ಹೊಸದಾಗಿ ಬರುವ ಸಿಸ್ಟರುಗಳಿಗೆ ರಕ್ತ ತೆಗೆಯುವುದನ್ನು ಕಲಿಸುವವಳು ಮಂಗಳವ್ವ. ನಿವೃತ್ತಿಯ ಅಂಚಿಗೆ ಬಂದ, ಹಳ್ಳಿ ಹಳ್ಳಿ ಸುತ್ತುವ ಸಿಸ್ಟರಿಗೆ ಲ್ಯಾಬಿನ ಪಾಠ ಹೇಳುವ ಕೆಲಸ ಹೇಗೆ ಬಂತು ಎಂದು ಹೊಸಬರು ನನ್ನನ್ನು ಕೇಳುತ್ತಾರೆ. ಆಕೆಯನ್ನೇ ಕೇಳುವ ಧೈರ್ಯ ಅವರಿಗಿಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳವ್ವ ಮೇಡ್ಲೇರಿಯ ಒಕ್ಕಲುತನದ ಮನೆಯವಳು. ತುಂಗಭದ್ರೆಯ ನೀರು ಹಾಯುವ ಹೊಲ, ಕೊಟ್ಟಿಗೆ ತುಂಬ ಎಮ್ಮೆ, ಯಾವುದಕ್ಕೂ ಕೊರತೆಯಿರಲಿಲ್ಲ. ಹತ್ತನೆಯ ಇಯತ್ತೆ ಮುಗಿದದ್ದೇ ಮದುವೆ ಎಂದಿದ್ದ ಅಪ್ಪನ ಎದುರು ಊಟ ಬಿಟ್ಟು ಕುಳಿತು, ಹಟ ಗೆದ್ದು, ನರ್ಸ್ ತರಬೇತಿಗೆ ಹೋದಳಂತೆ. ಆಮೇಲೆ ಮದುವೆಯಾದದ್ದು ನಿಜಲಿಂಗಪ್ಪನನ್ನು. ಹೊಲ ಮನೆ ನೋಡಿಕೊಂಡು, ಹೆಂಡತಿ ಹೇಳಿದ್ದಕ್ಕೆಲ್ಲ ಹೂಂಗುಟ್ಟಿಕೊಂಡು ಸುಖವಾಗಿರುವ ಮನುಷ್ಯ ಅವನು. ಸುಖದ ಗುಟ್ಟು ಆ ಹೂಂಗುಟ್ಟುವುದರಲ್ಲಿಯೇ ಇದೆ ಎಂದು ಅವನೇ ನನಗೆ ಹೇಳಿದ್ದಾನೆ.

ಆಕೆಯ ಉಪಕೇಂದ್ರದ ಹಳ್ಳಿಗಳೆಲ್ಲ ಮೆಣಸಿನಕಾಯಿಯ ಹಳ್ಳಿಗಳು. ಸುಗ್ಗಿ ಬಂತೆಂದರೆ ಹೆಂಗಸರು ಹಗಲೆಲ್ಲ ಗೋದಾಮುಗಳಲ್ಲಿ, ಇಲ್ಲವೇ ಸಾಹುಕಾರರ ಅಂಗಳದಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಹಗಲಿನಲ್ಲಿ ಹೋದ ಸಿಸ್ಟರಿಗೆ ಸಿಗುವುದು ಬಾಗಿಲ ಬೀಗ ಮತ್ತು ಒಂದಿಬ್ಬರು ಮುದುಕರು. ಬೇರೆ ಸಿಸ್ಟರುಗಳು ಆ ಬೀಗವನ್ನೇ ನೆಪ ಮಾಡಿಕೊಂಡು ವಾಪಸು ಬರುತ್ತಿದ್ದರು. ಮಂಗಳವ್ವ ಹಾಗಲ್ಲ. ದೀಪ ಹಚ್ಚುವ ಹೊತ್ತಿಗೆ, ಹೆಂಗಸರು ಕೆಲಸದಿಂದ ಬಂದು ಇನ್ನೂ ಮುಖ ತೊಳೆಯುತ್ತಿರುವಾಗಲೇ ಹೋಗಿ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಆಕೆಯ ಊರುಗಳಲ್ಲಿ ಪರೀಕ್ಷೆಯಾಗದ ಬಸುರಿ ಒಬ್ಬಳೂ ಇರಲಿಲ್ಲ. ಪ್ರತಿ ತಿಂಗಳ ಮೀಟಿಂಗಿನಲ್ಲಿ ಆ ಮಾತು ಬರುತ್ತಿತ್ತು, ಬರದಿದ್ದರೆ ಆಕೆಯೇ ತೆಗೆಯುತ್ತಿದ್ದಳು.

ಪರೀಕ್ಷೆ ಎಂದರೆ ಏನು ಎಂಬುದನ್ನೂ ಹೇಳಬೇಕು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೊಂದು ಇದ್ದರೆ ಚಿಂತೆಯಿಲ್ಲ, ಏಳಕ್ಕಿಂತ ಕೆಳಗೆ ಇಳಿದರೆ ಹೆರಿಗೆಯಲ್ಲಿ ಜೀವಕ್ಕೇ ಕುತ್ತು. ಈ ಸಂಖ್ಯೆಯನ್ನು ನಮ್ಮ ಸಿಸ್ಟರುಗಳು ಹಿಂದೆಲ್ಲ ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿ ಹೇಳಿಬಿಡುತ್ತಿದ್ದರು. ಕೆಂಪಗಿದ್ದರೆ ಹನ್ನೊಂದು, ಬಿಳಿಚಿದ್ದರೆ ಎಂಟು, ನಡುವೆ ಇದ್ದರೆ ಮನಸ್ಸಿಗೆ ಬಂದದ್ದು. ಹೀಗೆ ಅಂದಾಜಿನ ಮೇಲೆ ಗಾಡಿ ನಡೆಯುತ್ತಿರುವಾಗ, ಹೋದ ವರ್ಷದ ಮುಂಗಾರಿಗೆ ಸ್ವಲ್ಪ ಮೊದಲು, ಕುಪ್ಪೇಲೂರಿನ ನಾಗರತ್ನಾ ನಮ್ಮ ಲ್ಯಾಬಿಗೆ ಟೆಕ್ನೀಷಿಯನ್ ಆಗಿ ಬಂದಳು.

ನಾಗರತ್ನಾ ಸಣಕಲು ಹುಡುಗಿ, ದಪ್ಪ ಕನ್ನಡಕ, ನಾಲಿಗೆ ಮಾತ್ರ ಹರಿತ. ಉಪಕೇಂದ್ರಗಳಿಂದ ಬಂದ ಸಂಖ್ಯೆಗಳನ್ನು ನೋಡಿ ಮೊದಲ ವಾರವೇ ನಕ್ಕಳು, ಎರಡನೆಯ ವಾರ ನಗು ನಿಲ್ಲಿಸಿ ಡಾಕ್ಟರ ಹತ್ತಿರ ಹೋದಳು. ನಮ್ಮ ಡಾಕ್ಟರ್ ವಿಜಯಮಹಾಂತೇಶ ಒಳ್ಳೆಯವರು, ಜಗಳವೆಂದರೆ ಮಾರುದೂರ. ಪ್ರತಿ ತಿಂಗಳ ಮೀಟಿಂಗ್ ಮುಗಿದ ಮೇಲೆ ಸಿಸ್ಟರುಗಳಿಗೆ ನೀನೇ ಕಲಿಸು ಎಂದು ಆಕೆಗೇ ಹೊರಿಸಿದರು. ಉಪಕೇಂದ್ರಗಳಿಗೆ ಕೊಟ್ಟಿದ್ದ ಕೈಯಗಲದ ಮೀಟರುಗಳು, ರಕ್ತ ಹಾಕುವ ಸ್ಟ್ರಿಪ್ಪುಗಳು ಮುಗಿದು, ಮೂಲೆ ಸೇರಿದ್ದವು. ಉಳಿದದ್ದು ಕಾಗದದ ಪರೀಕ್ಷೆ. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಬಿಳಿಯ ಹೀರುಕಾಗದಕ್ಕೆ ಮುಟ್ಟಿಸಿ, ಅದರ ಬಣ್ಣವನ್ನು ಕೆಂಪು ಬಣ್ಣದ ಮನೆಗಳಿರುವ ಪಟ್ಟಿಗೆ ಹಿಡಿದು ನೋಡುವುದು. ತಿಳಿಗೆಂಪು ನಾಲ್ಕು, ಕಡುಗೆಂಪು ಹದಿನಾಲ್ಕು. ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಬಂದರೆ ಹನ್ನೊಂದು.

ನೋಡಲು ಮಕ್ಕಳಾಟ. ಆದರೆ ನಾಗರತ್ನಾ ಅದರಲ್ಲಿ ನೂರು ತಪ್ಪು ಹುಡುಕಿದಳು. ಬೆರಳನ್ನು ನಿಂಬೆಹಣ್ಣಿನಂತೆ ಹಿಂಡಬಾರದು, ಹಿಂಡಿದರೆ ನೀರು ಸೇರುತ್ತದೆ. ಮೊದಲು ಸ್ಪಿರಿಟಿನ ಹತ್ತಿಯಿಂದ ಒರೆಸಬೇಕು, ಮೊದಲ ಹನಿಯನ್ನು ಅಳಿಸಬೇಕು, ಎರಡನೆಯದು ತಾನಾಗಿ ಮೂಡಬೇಕು. ಬಣ್ಣ ನೋಡುವುದು ಬೆಳಕಿನಲ್ಲಿ, ಅವಸರದಲ್ಲಿ ಅಲ್ಲ. ಎಲ್ಲಕ್ಕಿಂತ ಮುಖ್ಯ, ಕಣ್ಣರೆಪ್ಪೆ ಎಳೆದು ಅಂದಾಜು ಹೇಳುವುದು ಇಂದಿನಿಂದ ಬಂದ್. ಉಳಿದ ಸಿಸ್ಟರುಗಳು ಆಕಳಿಸುತ್ತ ಕೇಳಿದರು. ಮಂಗಳವ್ವ ಮಾತ್ರ ಉರಿದುಬಿದ್ದಳು. ನೀನು ಹುಟ್ಟುವ ಮೊದಲೇ ನಾನು ಸೂಜಿ ಹಿಡಿದವಳು ಎಂದಳು. ಹಿಡಿದದ್ದು ನಿಜ ಅಕ್ಕಾರ, ಇನ್ನು ಸರಿಯಾಗಿ ಹಿಡಿಯಿರಿ ಎಂದಳು ಹುಡುಗಿ. ನಾನು ಕಿಟಕಿಯ ಹಿಂದೆ ಕೆಮ್ಮಿನ ಔಷಧಿ ಹುಡುಕುವವನಂತೆ ಬಗ್ಗಿ ನಕ್ಕೆ.

ಕೆಲವು ದಿನಗಳ ಮೇಲೆ ನಿಜಲಿಂಗಪ್ಪ ನನ್ನ ಕಿಟಕಿಗೆ ಬಂದು ಕೈ ಚಾಚಿದ. ಬೆರಳುಗಳ ತುದಿಯೆಲ್ಲ ತೂತು. ಮನೆಯಲ್ಲಿ ಬೇರೆ ಯಾರೂ ಸಿಗದೆ ಮಂಗಳವ್ವ ಸಂಜೆಯ ಊಟಕ್ಕೆ ಮೊದಲು ಗಂಡನ ಬೆರಳಿನ ಮೇಲೆ ಅಭ್ಯಾಸ ನಡೆಸಿದ್ದಳು. ಮುಲಾಮು ಕೊಟ್ಟೆ. ಮುಂದಿನ ತಿಂಗಳ ಪಾಠದಲ್ಲಿ ಒಂದೇ ಬಸುರಿಯ ರಕ್ತವನ್ನು ಸಿಸ್ಟರುಗಳು ಕಾಗದದಲ್ಲಿ ನೋಡಿ ಹೇಳಬೇಕು, ನಾಗರತ್ನಾ ತೋಳಿನ ನರದಿಂದ ತೆಗೆದು ಲ್ಯಾಬಿನ ಯಂತ್ರಕ್ಕೆ ಹಾಕಬೇಕು, ಎರಡನ್ನೂ ಹೋಲಿಸಬೇಕು ಎಂದಾಯಿತು. ಮಂಗಳವ್ವ ಹೇಳಿದ್ದೂ ಯಂತ್ರ ಹೇಳಿದ್ದೂ ಒಂದೇ. ಮಳೆಗಾಲ ಮುಗಿಯುವವರೆಗೆ ಹೀಗೇ ನಡೆಯಿತು, ಆಕೆ ಒಮ್ಮೆಯೂ ಸೋಲಲಿಲ್ಲ. ನಾಗರತ್ನಾ ಬಾಯಿಬಿಟ್ಟು ಹೊಗಳಿದಳು. ಮಂಗಳವ್ವ ಹೊಗಳಿಕೆಯನ್ನು ಬಾಕಿ ವಸೂಲಿ ಮಾಡಿದವಳಂತೆ ಸ್ವೀಕರಿಸಿ ಸೆರಗು ಕೊಡವಿಕೊಂಡು ಹೋದಳು. ಆಮೇಲೆ ಆಕೆಯೂ ಯಾರ ಕಣ್ಣರೆಪ್ಪೆಯನ್ನೂ ಎಳೆದು ನೋಡಲಿಲ್ಲ. ಸಂಖ್ಯೆ ಕೈಯಲ್ಲಿರುವಾಗ ಅದರ ಅಗತ್ಯವೇನು?

ಆಕೆಗೆ ಒಬ್ಬಳೇ ಮಗಳು, ರೇಣುಕವ್ವ. ದೂರ ಕೊಟ್ಟರೆ ಕಣ್ಣಿಗೆ ಕಾಣುವುದಿಲ್ಲವೆಂದು ತನ್ನ ಉಪಕೇಂದ್ರದ ಊರಿಗೇ ಕೊಟ್ಟಿದ್ದಳು. ಅಳಿಯ ಕಿರಣಕುಮಾರನ ಮನೆಯವರು ಸುತ್ತಲಿನ ರೈತರಿಂದ ಮೆಣಸಿನಕಾಯಿ ಕೊಂಡು, ತೊಟ್ಟು ಬಿಡಿಸಿ, ಆರಿಸಿ ಬ್ಯಾಡಗಿ ಪೇಟೆಗೆ ಹಾಕುವವರು. ಉಳ್ಳವರ ಮನೆಯೇ. ಆದರೂ ಸುಗ್ಗಿಯಲ್ಲಿ ಕೂಲಿಯವರ ಜೊತೆ ಮನೆಯ ಸೊಸೆಯೂ ಅಂಗಳದಲ್ಲಿ ಕೂರುವುದು ಅಲ್ಲಿಯ ರೂಢಿ. ಅತ್ತೆ ಪುಷ್ಪಲತಾ ತಾನೂ ಹಾಗೇ ಕೂತು ಬೆಳೆದವಳು. ರೇಣುಕವ್ವ ಬಸುರಿಯಾದ ಮೇಲೆ ಮಂಗಳವ್ವ ಬೇರೆ ಮನೆಗಳಿಗೆ ಹೋಗುವ ಹಾಗೆಯೇ ಸಂಜೆ ಮಗಳ ಮನೆಗೂ ಹೋಗಿ ಬೆರಳು ಚುಚ್ಚುತ್ತಿದ್ದಳು. ಡಿಸೆಂಬರಿನಲ್ಲಿ ಹನ್ನೊಂದು. ಜನವರಿಯ ಮೊದಲ ವಾರವೂ ಹನ್ನೊಂದು. ಆಸ್ಪತ್ರೆಗೆ ಬಂದಾಗಲೆಲ್ಲ ನನ್ನ ಕಿಟಕಿಯಲ್ಲಿ ಅದನ್ನು ಪೇಡೆಯಂತೆ ಹಂಚುತ್ತಿದ್ದಳು.

ಅದೇ ಜನವರಿಯಲ್ಲಿ, ಬಸುರಿಯರನ್ನು ಡಾಕ್ಟರು ನೋಡುವ ದಿನ, ಎಂಟನೆಯ ತಿಂಗಳಲ್ಲಿದ್ದ ರೇಣುಕವ್ವ ಗಂಡನ ಜೊತೆ ಬಂದಳು. ನಮ್ಮ ಆಸ್ಪತ್ರೆಯ ಮುಂದಿನ ಮೆಟ್ಟಿಲುಗಳನ್ನು ಏರುತ್ತ ನಡುವೆಯೇ ಕುಳಿತುಬಿಟ್ಟಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಾನೇ ನೀರು ತಂದುಕೊಟ್ಟೆ. ಬಸುರಿ ಹೆಂಗಸು, ಬಿಸಿಲಿನಲ್ಲಿ ಬೈಕಿನ ಮೇಲೆ ಬಂದಿದ್ದಾಳೆ ಎಂದುಕೊಂಡೆ. ಬೇರೆ ಪರೀಕ್ಷೆಗಳಿಗೆಂದು ನಾಗರತ್ನಾ ತೋಳಿನಿಂದ ರಕ್ತ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಕರೆದು ಇನ್ನೊಂದು ಸಲ ತೆಗೆದಳು. ಆಮೇಲೆ ನನ್ನ ಕಿಟಕಿಗೆ ಬಂದು ಬಸುರಿಯ ಪರೀಕ್ಷೆಗಳನ್ನು ಬರೆಯುವ ತಾಯಿ ಕಾರ್ಡು ಮುಂದಿಟ್ಟು, ದನಿ ತಗ್ಗಿಸಿ ಹೇಳಿದಳು.

"ಅಣ್ಣಾರ, ಇಲ್ಲಿ ಹನ್ನೊಂದು ಅಂತ ಬರದೈತಿ. ನನ್ನ ಕೈಯಾಗ ಎರಡ ಸಲಾನೂ ಆರು ಬಂತು. ಮಂಗಳಕ್ಕ ಪರೀಕ್ಷಾನ ಮಾಡಲಾರದ ಬರದಾರ."

ಕಾರ್ಡಿನಲ್ಲಿ ಗಂಡನ ಹೆಸರಿರುತ್ತದೆ, ತಾಯಿಯ ಹೆಸರಿರುವುದಿಲ್ಲ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಈ ಹುಡುಗಿಗೆ ಯಾರು ಯಾರ ಮಗಳು ಎಂಬುದು ಗೊತ್ತಿರಲಿಲ್ಲ. ಆ ರೇಣುಕವ್ವ ಮಂಗಳವ್ವನ ಸ್ವಂತ ಮಗಳು ಎಂದೆ. ನಾಗರತ್ನಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬೇರೆಯವರಿಗೆ ಸುಳ್ಳು ಬರೆಯುವವಳೂ ಹೆತ್ತ ಮಗಳಿಗೆ ಸುಳ್ಳು ಬರೆಯುವುದಿಲ್ಲ. ಹಾಗಾದರೆ ಆ ಹನ್ನೊಂದು ಎಲ್ಲಿಂದ ಬಂತು ಎಂಬುದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಡಾಕ್ಟರು ಸಂಖ್ಯೆ ನೋಡಿದವರೇ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ಇಂದೇ ಹೋಗಬೇಕು, ರಕ್ತ ಕೊಡಿಸಬೇಕು, ತಡವಾದರೆ ನಾನು ಹೊಣೆಯಲ್ಲ ಎಂದರು. ಕಿರಣಕುಮಾರ ಚೀಟಿ ಹಿಡಿದುಕೊಂಡು ಅತ್ತೆಗೆ ಫೋನು ಮಾಡಿದ. ಆ ಮನೆಯಲ್ಲಿ ಆರೋಗ್ಯದ ಮಾತಿಗೆ ಮಂಗಳವ್ವನೇ ಹೈಕೋರ್ಟು. ಸ್ವಲ್ಪ ಹೊತ್ತಿಗೆ ಆಕೆ ಸ್ಕೂಟಿಯ ಮೇಲೆ ಬಂದು ಇಳಿದಳು.

ಆರು ಎಂಬುದನ್ನು ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ತಪ್ಪಿದ್ದು ಯಂತ್ರ ಎಂದಳು. ಹಾಗೆನ್ನಲು ಕಾರಣವೂ ಇತ್ತು. ದೀಪಾವಳಿಯ ಹೊತ್ತಿಗೆ ಅದೇ ಯಂತ್ರ ಕೆಟ್ಟು, ಬಂದವರಿಗೆಲ್ಲ ಹದಿನಾರು ತೋರಿಸಿ, ಹುಬ್ಬಳ್ಳಿಯಿಂದ ರಿಪೇರಿಯವನು ಬಂದು ಹೋಗಿದ್ದ. ತನ್ನ ಕೈ ಮಾತ್ರ ಇಡೀ ಮಳೆಗಾಲ ಒಮ್ಮೆಯೂ ತಪ್ಪಿರಲಿಲ್ಲ, ಹಾಗೆಂದು ಸರ್ಟಿಫಿಕೇಟು ಕೊಟ್ಟವಳು ನಾಗರತ್ನಾಳೇ. ಎಂಟನೆಯ ತಿಂಗಳಲ್ಲಿ ಯಾರಿಗೆ ಏದುಸಿರು ಬರುವುದಿಲ್ಲ? ಮನೆಗೆ ಕರೆದುಕೊಂಡು ಹೋಗಿ ಮಲಗಿಸುತ್ತೇನೆ ಎಂದು ಮಗಳ ಚೀಲ ಎತ್ತಿಕೊಂಡಳು. ಆಸ್ಪತ್ರೆಯ ಕಸ ಗುಡಿಸುವ ಫಕ್ಕೀರಸಾಬ, ಎರಡೂ ಕೂಡಿಸಿ ಅರ್ಧ ಮಾಡ್ರಿ, ಎಂಟೂವರೆ ಆಗತೈತಿ ಎಂದು ರಾಜಿ ಸೂಚಿಸಿದ.

ನಾಗರತ್ನಾ ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತಳು. ಅವಳಿಗೆ ಆ ಕ್ಷಣ ಬೇಕಾಗಿದ್ದದ್ದು ಒಂದೇ: ಆ ಹೆಂಗಸು ಮನೆಗೆ ಹೋಗಬಾರದು, ಹಾವೇರಿಗೆ ಹೋಗಬೇಕು. ಜಗಳವಾಡಿದರೆ ಮಂಗಳವ್ವ ಇನ್ನಷ್ಟು ಬಿಗಿಯುತ್ತಾಳೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಹರಿತ ನಾಲಿಗೆಯನ್ನು ಬದಿಗಿಟ್ಟು, ಅಕ್ಕಾರ, ನಿಮ್ಮ ಕೈಯಿಂದಲೇ ನಮ್ಮೆಲ್ಲರ ಮುಂದೆ ಮಾಡಿ ತೋರಿಸಿರಿ ಎಂದಳು. ಮಂಗಳವ್ವ ಬೇಡ ಎನ್ನುವವಳೇ? ಚೀಲ ಇಳಿಸಿ, ತನ್ನ ಡಬ್ಬಿ ತೆಗೆದು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಸ್ಪಿರಿಟಿನ ಹತ್ತಿಯಿಂದ ಬೆರಳು ಒರೆಸಿದಳು. ಚುಚ್ಚಿದಳು. ಮೊದಲ ಹನಿ ಅಳಿಸಿ, ಎರಡನೆಯದು ತಾನಾಗಿ ಮೂಡುವವರೆಗೆ ಕಾದು, ಕಾಗದಕ್ಕೆ ಮುಟ್ಟಿಸಿ, ಬೆಳಕಿಗೆ ಒಯ್ದು ಪಟ್ಟಿಗೆ ಹಿಡಿದಳು. ಎಲ್ಲಿಯೂ ಒಂದು ಕೂದಲೆಳೆಯಷ್ಟು ತಪ್ಪಿರಲಿಲ್ಲ. ನಾಗರತ್ನಾ ಕನ್ನಡಕವನ್ನು ಕಾಗದಕ್ಕೆ ತಾಗಿಸುವಷ್ಟು ಬಗ್ಗಿ ನೋಡಿ, ಹನ್ನೊಂದು ಖರೇ ಎಂದಳು. ಮಂಗಳವ್ವ ಮತ್ತೆ ಚೀಲಕ್ಕೆ ಕೈ ಹಾಕಿದಳು.

ಹಾಗೆ ಬಿಟ್ಟುಕೊಡುವ ಹುಡುಗಿಯಲ್ಲ ಅದು. ಈಗ ನನ್ನ ಬೆರಳು ನೋಡಿರಿ ಎಂದು ಚಾಚಿದಳು. ಮಂಗಳವ್ವನ ಕಾಗದದಲ್ಲಿ ಹನ್ನೆರಡು, ಯಂತ್ರದಲ್ಲಿಯೂ ಹನ್ನೆರಡು. ನನ್ನನ್ನು ಎಳೆದುಕೊಂಡು ಹೋಗಿ ಕೂರಿಸಿದರು. ಎರಡರಲ್ಲಿಯೂ ಹದಿನಾಲ್ಕು, ಸಕ್ಕರೆ ಕಾಯಿಲೆ ಬಿಟ್ಟರೆ ನಾನು ಗಟ್ಟಿಯೇ ಇದ್ದೇನೆ. ಫಕ್ಕೀರಸಾಬನದೂ ಸರಿಯಾಗಿಯೇ ಬಂತು. ಅಂದರೆ ಮಂಗಳವ್ವನ ಕೈಯೂ ನಿಜ, ಯಂತ್ರವೂ ನಿಜ. ಕೋಣೆಯಲ್ಲಿ ಉಳಿದದ್ದು ರೇಣುಕವ್ವನ ಬೆರಳೊಂದೇ. ನಾಗರತ್ನಾ ಟ್ರೇಯಲ್ಲಿ ಬಿದ್ದಿದ್ದ ಹತ್ತಿಯ ತುಣುಕುಗಳನ್ನು ನೋಡುತ್ತ ನಿಂತಳು. ನಮ್ಮದೆಲ್ಲ ಬಿಳಿ, ಒಂದೊಂದು ರಕ್ತದ ಚುಕ್ಕೆ. ಒಂದು ತುಣುಕು ಮಾತ್ರ ಅಂಚಿನಿಂದ ಅಂಚಿಗೆ ಕೆಂಪಾಗಿತ್ತು. ಅದನ್ನು ಚಿಮಟದಿಂದ ಎತ್ತಿ ಹಿಡಿದಳು.

"ಅಕ್ಕಾರ, ಇದರಿಂದ ಒರಿಸಿದ್ದು ಚುಚ್ಚೂಕಿಂತ ಮೊದಲೋ, ಆಮ್ಯಾಲೋ?"

"ಮೊದಲು," ಎಂದಳು ಮಂಗಳವ್ವ. ಹೇಳಿದ ಮೇಲೆ ಆಕೆಯ ಕೈ ಚೀಲದಿಂದ ತಾನಾಗಿ ಜಾರಿತು.

ನಾಗರತ್ನಾ ರೇಣುಕವ್ವನ ಇನ್ನೊಂದು ಕೈ ಹಿಡಿದು, ಬೆರಳಿಗೆ ಸ್ಪಿರಿಟು ಸವರಿ, ಚುಚ್ಚದೆಯೇ ಕಾಗದಕ್ಕೆ ಒತ್ತಿದಳು. ಕಾಗದ ಕೆಂಪಾಯಿತು. ಮಂಗಳವ್ವ ಅದನ್ನು ಕಸಿದುಕೊಂಡು ತಾನೇ ಬೆಳಕಿಗೆ ಒಯ್ದು ಪಟ್ಟಿಗೆ ಹಿಡಿದಳು. ಎಂಟಕ್ಕೂ ಹತ್ತಕ್ಕೂ ನಡುವೆ. ಚುಚ್ಚದ ಬೆರಳಿನಲ್ಲಿ ಒಂಬತ್ತು.

ತೊಟ್ಟು ಬಿಡಿಸುವಾಗ ಕೈ ಉರಿಯಬಾರದೆಂದು ನಮ್ಮ ಹೆಂಗಸರು ಮೊದಲೇ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ವಿಪರೀತ. ಪಟ್ಟಣದ ಹೆಂಗಸರ ತುಟಿಗೂ ಇದೇ ಬಣ್ಣ ಹೋಗುತ್ತದೆ ಎನ್ನುತ್ತಾರೆ. ಆ ಬಣ್ಣ ಎಣ್ಣೆಯ ಜೊತೆ ಬೆರಳಿನ ಗೆರೆಗೆರೆಯಲ್ಲಿ ಇಳಿದು ಕೂರುತ್ತದೆ. ಸಾಬೂನಿಗೆ ಅದು ಜಗ್ಗುವುದಿಲ್ಲ. ಸ್ಪಿರಿಟು ತಾಗಿದರೆ ಕರಗಿ ಮೇಲೆ ಬರುತ್ತದೆ, ಬಂದು ರಕ್ತದ ಹನಿಯಲ್ಲಿ ಸೇರುತ್ತದೆ. ಎಂದರೆ ಬೆರಳನ್ನು ಚೆನ್ನಾಗಿ ಒರೆಸಿದಷ್ಟೂ ಸಂಖ್ಯೆ ಏರುತ್ತದೆ. ಉದಾಸೀನದ ಸಿಸ್ಟರುಗಳು ಅರೆಬರೆ ಒರೆಸುತ್ತಿದ್ದರು. ಪಾಠವನ್ನು ಅಕ್ಷರಶಃ ಪಾಲಿಸಿದವಳು ಮಂಗಳವ್ವ. ಅದೂ ಸಂಜೆ, ಕೈಯ ಬಣ್ಣ ಇನ್ನೂ ಹಸಿಯಿರುವಾಗ ಹೋಗಿ.

ಇದು ಮೊದಲೇ ಹೊಳೆಯಬೇಕಿತ್ತಲ್ಲ ಎಂದು ದೂರದವರು ಕೇಳಬಹುದು. ಸುಗ್ಗಿಯಲ್ಲಿ ನಮ್ಮ ಕಡೆ ಬಸ್ಸಿನ ಕಂಬಿ ಕೆಂಪು, ಅಂಗಡಿಯ ನೋಟು ಕೆಂಪು, ಮುದ್ದು ಮಾಡಿದ ಮಕ್ಕಳ ಕೆನ್ನೆಯೂ ಕೆಂಪು. ಕೆಂಪಾದ ಹತ್ತಿಯನ್ನು ಮಂಗಳವ್ವ ಡಿಸೆಂಬರಿನಿಂದ ದಿನವೂ ಬುಟ್ಟಿಗೆ ಎಸೆದಿದ್ದಳು. ನಾನಾಗಿದ್ದರೂ ಎಸೆಯುತ್ತಿದ್ದೆ. ಪಾಠ ಹೇಳಿದ ನಾಗರತ್ನಾಳಿಗಾದರೂ ಮಳೆಗಾಲದ ಬೆರಳುಗಳನ್ನು ನೋಡಿ ಸುಗ್ಗಿಯ ಬೆರಳು ಹೇಗೆ ತಿಳಿಯಬೇಕು? ಅವಳು ಆಮೇಲೆ ಇದಕ್ಕಾಗಿ ತನ್ನನ್ನು ತಾನು ಬಹಳ ಬೈದುಕೊಂಡಳು. ನನಗೆ ಆ ಬೈಗುಳ ಅನ್ಯಾಯ ಎನಿಸುತ್ತದೆ. ಸುಗ್ಗಿಯ ಬೆರಳನ್ನು ಬಲ್ಲವರೇ ಹೊಸಬರಿಗೆ ಕಲಿಸಲಿ ಎಂದು ಮುಂದೆ ಪಾಠವನ್ನು ಮಂಗಳವ್ವನಿಗೆ ಬಿಟ್ಟುಕೊಟ್ಟವಳೂ ಅವಳೇ.

ಮಂಗಳವ್ವ ಮಗಳ ಹತ್ತಿರ ಬಂದು ಗಲ್ಲ ಎತ್ತಿ, ಹೆಬ್ಬೆರಳಿನಿಂದ ಕೆಳಗಿನ ಕಣ್ಣರೆಪ್ಪೆ ಎಳೆದು ನೋಡಿದಳು. ಎಷ್ಟೋ ತಿಂಗಳ ಮೇಲೆ ನೋಡಿದ್ದು. ಒಳಗೆ ತೊಳೆದ ಅಕ್ಕಿಯ ಬಣ್ಣ. ಅಳಿಯನಿಗೆ, ಆಂಬುಲೆನ್ಸಿಗೆ ಫೋನು ಮಾಡು ಎಂದಷ್ಟೇ ಹೇಳಿದಳು.

ನೂರಾ ಎಂಟರ ಗಾಡಿ ಬಂತು. ನಿಜಲಿಂಗಪ್ಪನೂ ಪುಷ್ಪಲತಾಳೂ ಬಂದರು. ರೇಣುಕವ್ವನನ್ನು ಮಲಗಿಸಿ ಮಂಗಳವ್ವ ಪಕ್ಕದಲ್ಲಿ ಕುಳಿತಳು. ಬಾಗಿಲು ಹಾಕಬೇಕು, ಅಷ್ಟರಲ್ಲಿ ಆಕೆ ಎದ್ದು ಇಳಿದುಬಿಟ್ಟಳು. ಎಲ್ಲಿಗೆ ಎಂದು ರೇಣುಕವ್ವ ಕೇಳಿದಳು. ನೀವು ಹೋಗಿರಿ, ನಾಳೆ ಬರುತ್ತೇನೆ ಎಂದು ಮಂಗಳವ್ವ ಮುಖ ತಿರುಗಿಸಿದಳು. ಮಗಳು ಅವ್ವಾ ಎಂದು ಕೂಗಿದ್ದು ಬಾಗಿಲು ಮುಚ್ಚಿದ ಮೇಲೂ ಕೇಳಿಸಿತು. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿಯೂ ಈಕೆಗೆ ಏನು ಹಮ್ಮು ಎಂದುಕೊಂಡೆ.

ಹಮ್ಮಲ್ಲ. ಆಕೆ ಲ್ಯಾಬಿಗೆ ಬಂದು, ಎಷ್ಟು ಟ್ಯೂಬು ಇವೆಯೋ ಅಷ್ಟೂ ಕೊಡು ಎಂದು ನಾಗರತ್ನಾಳನ್ನು ಕೇಳಿದಳು. ಸುಗ್ಗಿ ಶುರುವಾದಾಗಿನಿಂದ ಆಕೆ ಕೆಂಪು ಬೆರಳುಗಳಿಂದ ಓದಿದ ಹನ್ನೊಂದುಗಳು ಹಳ್ಳಿಯ ತುಂಬ ಇದ್ದವು. ಅದರಲ್ಲಿ ಒಬ್ಬಳಿಗೆ, ದುರಗವ್ವನ ಸೊಸೆ ಕರೆವ್ವನಿಗೆ, ದಿನ ತುಂಬಿತ್ತು. ನೀವು ಮಗಳ ಜೊತೆ ಹೋಗಿರಿ, ಹಳ್ಳಿಗೆ ನಾನು ಹೋಗುತ್ತೇನೆ ಎಂದು ನಾಗರತ್ನಾ ಕೈಮುಗಿದು ಹೇಳಿದಳು. ನಿನಗೆ ಯಾರು ಬಾಗಿಲು ತೆಗೆಯುತ್ತಾರೆ ತಂಗಿ ಎಂದಳು ಮಂಗಳವ್ವ. ಲಸಿಕೆಯ ತಂಪು ಡಬ್ಬಿಯಲ್ಲಿ ಟ್ಯೂಬುಗಳನ್ನು ಜೋಡಿಸಿಕೊಂಡು ಇಬ್ಬರೂ ಸ್ಕೂಟಿ ಹತ್ತಿದರು.

ಆ ಸಂಜೆ ಹಳ್ಳಿಯಲ್ಲಿ ನಡೆದದ್ದನ್ನು ನಾಗರತ್ನಾ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಬಾಗಿಲುಗಳು ತೆರೆದವು, ತೋಳುಗಳು ಚಾಚಲಿಲ್ಲ. ಬೆರಳು ಚುಚ್ಚಿಸಿಕೊಳ್ಳುವುದು ಬೇರೆ, ಸಿರಿಂಜಿನಲ್ಲಿ ರಕ್ತ ಎಳೆಸಿಕೊಳ್ಳುವುದು ಬೇರೆ. ನಾಗರತ್ನಾ ಎಣ್ಣೆ, ಬಣ್ಣ, ಸ್ಪಿರಿಟು ಎಂದು ವಿವರಿಸಿದಷ್ಟೂ ಹೆಂಗಸರು ಸೆರಗು ಬಿಗಿದುಕೊಂಡರು. ದುರಗವ್ವ ಅಂತೂ ಸೊಸೆಯನ್ನು ಒಳಮನೆಗೆ ಕಳಿಸಿ ಬಾಗಿಲಿಗೆ ಅಡ್ಡ ಕುಳಿತಳು. ಹೋದ ವಾರ ನೀವೇ ಹನ್ನೊಂದು ಎಂದಿರಿ, ಈಗ ನೀವೇ ತಪ್ಪು ಎನ್ನುತ್ತೀರಿ, ಇನ್ನು ನಿಮ್ಮ ಯಾವ ಮಾತು ನಂಬಬೇಕು ಎಂದು ಕೇಳಿದಳು. ಓಣಿಯ ಹೆಂಗಸರೆಲ್ಲ ಸುತ್ತ ಸೇರಿದ್ದರು. ಆ ಓಣಿಯಲ್ಲಿ ಮಂಗಳವ್ವನ ಮಾತಿಗೆ ಎದುರು ಹೇಳಿದವರು ಅದುವರೆಗೆ ಇರಲಿಲ್ಲ.

ಮಂಗಳವ್ವ ಡಬ್ಬಿ ಕೆಳಗಿಟ್ಟು ದುರಗವ್ವನ ಎದುರಿಗೆ ನೆಲದ ಮೇಲೆ ಕುಳಿತಳು.

"ನಾ ಬರದದ್ದು ತಪ್ಪೈತಿ, ದುರಗವ್ವ. ನನ್ನ ಮಗಳಿಗೂ ನಾನ ಹನ್ನೊಂದು ಅಂತ ಬರದಿದ್ದೆ. ಆಕಿದು ಆರು ಐತಿ. ಈಗ ಹಾವೇರಿ ದವಾಖಾನಿಗೆ ಒಯ್ದಾರ, ಮಂದಿ ರಕ್ತ ಏರಸಾಕ."

ದುರಗವ್ವ ಅಡ್ಡ ಕುಳಿತಲ್ಲಿಂದಲೇ ಕೇಳಿದಳು.

"ಮಗಳನ್ನ ಬಿಟ್ಟು ನೀವ್ಯಾಕ ಇಲ್ಲಿ ಬಂದೀರಿ ಮತ್ತ?"

"ಆಕಿ ಕೂಡ ಆಕಿ ಅಪ್ಪ ಅದಾನ, ಅತ್ತಿ ಅದಾಳ, ಗಂಡ ಅದಾನ. ನಿನ್ನ ಸೊಸಿಗೆ ಹನ್ನೊಂದು ಐತಿ ಅಂತ ಹೇಳಿದಾಕಿ ನಾ ಒಬ್ಬಾಕಿ ಅದೇನಿ."

ದುರಗವ್ವ ಎದ್ದು ಒಳಗೆ ಹೋಗಿ ಸೊಸೆಯನ್ನು ಕರೆತಂದಳು. ತಾನೇ ಅವಳ ಕುಪ್ಪಸದ ತೋಳು ಮೇಲೆ ಸರಿಸಿ ಹಿಡಿದಳು. ಆಮೇಲೆ ಓಣಿಯ ಉಳಿದ ಬಸುರಿಯರೂ ಬಂದರು. ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿ ನೋಡಿದಾಗ ಹಲವರದು ಒಂಬತ್ತು, ಎಂಟು. ಗುಳಿಗೆ, ಇಂಜೆಕ್ಷನ್ನುಗಳಲ್ಲಿ ಸರಿಹೋಗುವಂಥವು. ಕರೆವ್ವನದು ಐದೂವರೆ.

ಮರುದಿನ ಮುಂಜಾನೆಯೇ ಕರೆವ್ವನನ್ನು ಹಾವೇರಿಗೆ ಒಯ್ದರು. ದುರಗವ್ವ, ಮಂಗಳವ್ವ ಜೊತೆಗೆ ಹೋದರು. ಔಷಧಿ ತರುವ ಕೆಲಸ ನನಗೂ ಅಲ್ಲಿ ಇತ್ತು, ಆದ್ದರಿಂದ ನಾನೂ ಅದೇ ಗಾಡಿಯಲ್ಲಿ ಕುಳಿತೆ. ದಾರಿಯುದ್ದಕ್ಕೂ ಮಂಗಳವ್ವ ಕರೆವ್ವನ ನಾಡಿ ಹಿಡಿದುಕೊಂಡಿದ್ದಳು.

ವಾರ್ಡಿನಲ್ಲಿ ರೇಣುಕವ್ವ ಮಲಗಿದ್ದಳು. ಒಂದು ಬಾಟಲಿ ರಕ್ತ ಮುಗಿದು ಇನ್ನೊಂದು ಏರುತ್ತಿತ್ತು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು, ಮಗುವೂ ಒಳಗೆ ಚೆನ್ನಾಗಿ ಮಿಸುಕಾಡುತ್ತಿದೆ ಎಂದು ಪುಷ್ಪಲತಾ ಹೇಳಿದಳು. ತಾಯಿಯನ್ನು ಕಂಡದ್ದೇ ರೇಣುಕವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಮಂಗಳವ್ವ ಮಂಚದ ಪಕ್ಕ ನಿಂತೇ ಇದ್ದಳು. ಏರುತ್ತಿದ್ದ ರಕ್ತದ ಹನಿಗಳನ್ನು ಎಣಿಸತೊಡಗಿದಳು.

ಅಷ್ಟರಲ್ಲಿ ಕರೆವ್ವನನ್ನು ತಳ್ಳುಗಾಡಿಯಲ್ಲಿ ತಂದು ಪಕ್ಕದ ಮಂಚಕ್ಕೆ ಹಾಕಿದರು. ಸದ್ದಿಗೆ ರೇಣುಕವ್ವ ಹೊರಳಿ ನೋಡಿದಳು. ಬಿಳಿಯ ಚಾದರದ ಮೇಲೆ ಕರೆವ್ವನ ಕೈಗಳು, ಉಗುರಿನ ಸಂದಿಯಲ್ಲಿ ಕೆಂಪು. ದುರಗವ್ವ ಸೊಸೆಯ ತಲೆ ಸವರುತ್ತ, ನಿನ್ನೆ ನಿಮ್ಮವ್ವ ನಮ್ಮ ಬಾಗಿಲಲ್ಲಿ ನೆಲದ ಮೇಲೆ ಕುಳಿತಿದ್ದಳು ಎಂದು ರೇಣುಕವ್ವನಿಗೆ ಹೇಳತೊಡಗಿದಳು. ರೇಣುಕವ್ವ ಕೊನೆಯವರೆಗೆ ಕೇಳಿದಳು. ಕಾಲು ಮಡಚಿಕೊಂಡು, ತಾಯಿಗೆ ಕುಳಿತುಕೊಳ್ಳಲು ಮಂಚದ ಮೇಲೆ ಜಾಗ ಮಾಡಿಕೊಟ್ಟಳು.